ವಿದೇಶಕ್ಕೆ ಹೊರಡುವ ಮೊದಲೇ ಕ್ರೆಡಿಟ್ ಖಾತ್ರಿ

ಉಪ್ಪಿನಬೆಟಗೇರಿಯಿಂದ ಧಾರವಾಡಕ್ಕೆ ಓದಲು ಬರುವ ವಿದ್ಯಾರ್ಥಿನಿ ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಕಲಿತರೆ, ಆ ಕ್ರೆಡಿಟ್ ಇಲ್ಲಿನ ಪದವಿಗೆ ತಾನಾಗಿಯೇ ಸೇರುವುದಿಲ್ಲ. ಹೊರಡುವ ಮೊದಲೇ ವಿಭಾಗದ ಲಿಖಿತ ಒಪ್ಪಿಗೆ ಬೇಕು. ಕಾರಣ ಲೆಕ್ಕದಲ್ಲೇ ಇದೆ: ಯುರೋಪಿನಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದಕ್ಕೆ 25ರಿಂದ 30 ತಾಸಿನ ಕಲಿಕೆ; ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40, ಒಂದಕ್ಕೆ 30 ತಾಸು.

ಬಂದಮೇಲೆ ಅಂಕಪಟ್ಟಿ ತೋರಿಸಿದರೆ ಸಾಲದೇ ಎನ್ನಬಹುದು. ಸಾಲದು. ಅಂಕಪಟ್ಟಿಯಲ್ಲಿ ವಿಷಯದ ಹೆಸರಿರುತ್ತದೆ, ಕಲಿಸಿದ ಪಾಠಗಳ ವಿವರ ಇರುವುದಿಲ್ಲ. ಸಮಾನತೆ ನಿರ್ಧಾರವಾಗುವುದು ಪಠ್ಯಕ್ರಮದಿಂದ. ಮಿತಿಯೂ ಇದೆ: 2022ರ ಯುಜಿಸಿ ನಿಯಮದಂತೆ ಟ್ವಿನ್ನಿಂಗ್ ಕೋರ್ಸಿನಲ್ಲಿ, ಅಂದರೆ ಒಂದಿಷ್ಟು ಭಾಗ ವಿದೇಶದಲ್ಲಿ ಕಲಿತು ಇಲ್ಲಿನ ಪದವಿ ಪಡೆಯುವ ಕೋರ್ಸಿನಲ್ಲಿ, ವಿದೇಶದ ಕ್ರೆಡಿಟ್ ಒಟ್ಟು ಕ್ರೆಡಿಟ್‌ನ ಶೇ 30 ಮೀರುವಂತಿಲ್ಲ. ಅಲ್ಲಿಗೆ ಹೋದಮೇಲೆ ವಿಷಯ ಬದಲಾದರೆ? ಹೊಸ ಪಠ್ಯಕ್ರಮವನ್ನು ಕೂಡಲೇ ಕಳಿಸಿ, ಮತ್ತೆ ಒಪ್ಪಿಗೆ ಪಡೆಯಿರಿ. ಸಾಲ ಮಾಡಿ ಕಳಿಸಿದ ಮನೆಯವರ ದುಡ್ಡು, ಕಷ್ಟಪಟ್ಟು ಕಲಿತ ಆರು ತಿಂಗಳು ಒಂದು ಸಹಿಯಿಲ್ಲದೆ ವ್ಯರ್ಥವಾಗಬಾರದು.