ಶೆಟ್ಟಿಕೆರೆಯ ದಾರಿಗೆ ಯಾವ ಟೈರ್?

ಶೆಟ್ಟಿಕೆರೆಯಿಂದ ಸೈಕಲ್ ಹತ್ತಿದರೆ ಒಂದೇ ಸವಾರಿಯಲ್ಲಿ ಎಷ್ಟೊಂದು ಬಗೆಯ ನೆಲ! ಡಾಂಬರು, ಕೆರೆ ಏರಿ, ತೆಂಗಿನ ತೋಟದ ಸಡಿಲ ಮಣ್ಣು, ಆಮೇಲೆ ಚಿಕ್ಕನಾಯಕನಹಳ್ಳಿ ಗುಡ್ಡಗಳ ಗರಸು. ಇಷ್ಟಕ್ಕೂ ಒಂದೇ ಜೊತೆ ಟೈರ್ ಸಾಕು.

ಅಂಗಡಿಯಲ್ಲಿ ಮೊದಲು ಟೈರಿನ ಬಟನ್, ಅಂದರೆ ಮೈಮೇಲಿನ ರಬ್ಬರ್ ಉಬ್ಬುಗಳನ್ನು ನೋಡಿ. ನಡುವಿನವು ಗಿಡ್ಡಗೆ, ಒತ್ತೊತ್ತಾಗಿದ್ದರೆ ಡಾಂಬರಿನ ಮೇಲೆ ಸಲೀಸಾಗಿ ಉರುಳುತ್ತೆ. ಅಂಚಿನವು ಎತ್ತರವಾಗಿ, ಬಿಡಿಬಿಡಿಯಾಗಿರಲಿ. ತಿರುವಿನಲ್ಲಿ ಗರಸು ಜಾರಿದಾಗ ನೆಲ ಕಚ್ಚಿ ಹಿಡಿಯೋದು ಅವೇ. ತೀರಾ ದೊಡ್ಡ ಬಟನ್ ಕೆಸರಿಗೆ ಸರಿ, ಡಾಂಬರಿನಲ್ಲಿ ಕಾಲು ಸೋಲಿಸುತ್ತೆ.

ಅಗಲ 2.25ರಿಂದ 2.4 ಇಂಚು. ಫ್ರೇಮಿನಲ್ಲಿ ಅಷ್ಟು ಜಾಗ ಇದೆಯಾ ನೋಡ್ಕೊಳ್ಳಿ. ಟೈರಿನ ಪಕ್ಕದಲ್ಲಿ 584 ಅಂತಿದ್ದರೆ 27.5 ಇಂಚಿನ ಚಕ್ರಕ್ಕೆ, 622 ಅಂತಿದ್ದರೆ 29ಕ್ಕೆ.

ಇಲ್ಲಿನ ದೊಡ್ಡ ಕಾಟ ಜಾಲಿ ಮುಳ್ಳು. ರಿಮ್ ಮತ್ತು ಟೈರ್ ಎರಡೂ ಟ್ಯೂಬ್‌ಲೆಸ್‌ಗೆ ಒಗ್ಗುವಂತಿದ್ದರೆ ಸೀಲೆಂಟ್ ಹಾಕಿಸಿ. ಮುಳ್ಳು ಚುಚ್ಚಿದ ಸಣ್ಣ ತೂತನ್ನು ಸೈಕಲ್ ಓಡುತ್ತಿರುವಾಗಲೇ ಅದು ಮುಚ್ಚುತ್ತೆ. ಬಿಸಿಲಿಗೆ ಬೇಗ ಒಣಗುತ್ತೆ, ಕೆಲವು ತಿಂಗಳಿಗೊಮ್ಮೆ ಮತ್ತೆ ತುಂಬಿಸಿ.

ಗಾಳಿಯನ್ನು ಕಲ್ಲಿನ ಹಾಗೆ ಬಿಗಿಯಾಗಿ ಹೊಡೆಸಬೇಡಿ. ಟ್ಯೂಬ್ ಇದ್ದರೆ 30 ಪೌಂಡ್ ಆಸುಪಾಸು, ಟೈರಿನ ಮೇಲೆ ಬರೆದಿರೋ ಮಿತಿಯೊಳಗೆ.

ದುಡ್ಡು ಒಂದೇ ಒಳ್ಳೆ ಟೈರಿಗೆ ಇದ್ದರೆ ಅದನ್ನು ಮುಂದಕ್ಕೆ ಹಾಕಿ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ಸವಾರನೇ ನೆಲಕ್ಕೆ.