ಹೈಪೋವಿನ ಆಯಸ್ಸು

ಬೆಳಕಿನಿಂದ ಚಿತ್ರವನ್ನು ಮೂಡಿಸುವುದು ಒಂದು ವಿದ್ಯೆ. ಮೂಡಿದ ಚಿತ್ರವನ್ನು ಉಳಿಸಿಕೊಳ್ಳುವುದು ಮತ್ತೊಂದು ವಿದ್ಯೆ. ಮೊದಲನೆಯದು ಕೈಗೂಡಿ ಎರಡನೆಯದು ಕೈಗೂಡದಿದ್ದ ಕಾಲವೊಂದಿತ್ತು. ೧೮೦೨ರಲ್ಲಿ ಇಂಗ್ಲೆಂಡಿನ ತಾಮಸ್ ವೆಜ್‌ವುಡ್ ಮತ್ತು ಹಂಫ್ರಿ ಡೇವಿ ಎಂಬವರು ಬೆಳ್ಳಿಯ ಲವಣವನ್ನು ಲೇಪಿಸಿದ ಕಾಗದದ ಮೇಲೂ ತೊಗಲಿನ ಮೇಲೂ ನೆರಳಿನ ಚಿತ್ರಗಳನ್ನು ಪಡೆದುದಾಗಿ ಪ್ರಕಟಿಸಿದರು. ಆದರೆ ಹಗಲಿನ ಬೆಳಕಿಗೆ ತಂದರೆ ಅವು ಪೂರ್ತಿಯಾಗಿ ಕಪ್ಪಿಡುತ್ತಿದ್ದುವು. ಅವನ್ನು ಮೋಂಬತ್ತಿಯ ಮಂದ ಬೆಳಕಿನಲ್ಲಿ ನೋಡಿ ಕತ್ತಲೆಯಲ್ಲಿ ಮುಚ್ಚಿಡಬೇಕಾಗಿತ್ತು.

ಈ ತೊಡಕನ್ನು ಬಿಡಿಸುವ ವಸ್ತುವಿನ ಗುಣವನ್ನು ೧೮೧೯ರಲ್ಲಿ ಜಾನ್ ಹರ್ಷೆಲ್ ಎಂಬ ವಿಜ್ಞಾನಿಯು ಕಂಡುಕೊಂಡಿದ್ದನು. ಬೆಳ್ಳಿಯ ಹಲವು ಲವಣಗಳು ನೀರಿನಲ್ಲಿ ಕರಗವು. ಹೈಪೋವಿನ ದ್ರಾವಣದಲ್ಲಿ ಕರಗುತ್ತವೆ. ೧೮೩೯ರಲ್ಲಿ ಟಾಲ್ಬಟ್ ಮತ್ತು ಡಾಗೇರ್ ಇವರ ಚಿತ್ರಗಳು ಲೋಕಕ್ಕೆ ತಿಳಿದಾಗ ಹರ್ಷೆಲನ ಶೋಧವು ಉಪಯೋಗಕ್ಕೆ ಬಂದಿತು. ರಸಾಯನಶಾಸ್ತ್ರಜ್ಞರು ಈ ವಸ್ತುವನ್ನು ಈಗ ಸೋಡಿಯಂ ಥಯೋಸಲ್ಫೇಟ್ ಎಂದು ಕರೆಯುತ್ತಾರೆ. ಛಾಯಾಗ್ರಾಹಕರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ.

ಇದರ ಕೆಲಸವೇನೆಂಬುದನ್ನು ಮೊದಲು ತಿಳಿಯೋಣ. ಫಿಲ್ಮಿನ ಜಿಲಾಟಿನ್ ಪೊರೆಯಲ್ಲಿ ಬೆಳ್ಳಿಯ ಲವಣದ ಕಣಗಳು ಹುದುಗಿರುತ್ತವೆ. ಬೆಳಕು ತಗುಲಿದ ಕಣಗಳನ್ನು ಡೆವಲಪರು ಕಪ್ಪು ಬೆಳ್ಳಿಯನ್ನಾಗಿ ಮಾಡುತ್ತದೆ; ತಗುಲದ ಕಣಗಳು ಹಾಲಿನಂತೆ ಬೆಳ್ಳಗೆ ಹಾಗೆಯೇ ಉಳಿಯುತ್ತವೆ. ಉಳಿದ ಈ ಕಣಗಳನ್ನು ಕರಗಿಸಿ ಹೊರಕ್ಕೆ ಕಳುಹಿಸುವುದೇ ಹೈಪೋವಿನ ಕೆಲಸ. ಇದು ಎರಡು ಮೆಟ್ಟಿಲುಗಳಲ್ಲಿ ನಡೆಯುತ್ತದೆ. ಮೊದಲು ಬೆಳ್ಳಿಯೂ ಹೈಪೋವೂ ಕೂಡಿ, ನೀರಿನಲ್ಲಿ ಸುಲಭವಾಗಿ ಕರಗದ ಸಂಯುಕ್ತವೊಂದಾಗುತ್ತದೆ. ಹೈಪೋ ಧಾರಾಳವಾಗಿದ್ದರೆ ಅದು ಮತ್ತಷ್ಟು ಹೈಪೋವನ್ನು ಕೂಡಿಸಿಕೊಂಡು, ಚೆನ್ನಾಗಿ ಕರಗಿ ತೊಳೆದುಹೋಗುವ ರೂಪವನ್ನು ತಾಳುತ್ತದೆ.

ಅಪಾಯವಿರುವುದು ಇಲ್ಲಿಯೇ. ಫಿಲ್ಮು ಕಣ್ಣಿಗೆ ತಿಳಿಯಾಗಿ ಕಂಡಿತೆಂದರೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ದಣಿದ ದ್ರಾವಣದಲ್ಲಿಯೂ ಫಿಲ್ಮು ತಿಳಿಯಾಗಬಹುದು. ಆದರೆ ಮೊದಲನೆಯ ಮೆಟ್ಟಿಲಿನ ಸಂಯುಕ್ತವು ಪೊರೆಯಲ್ಲಿಯೇ ಉಳಿದು, ಎಷ್ಟು ನೀರು ಹೊಯ್ದರೂ ಹೋಗುವುದಿಲ್ಲ. ಕಾಲಕ್ರಮದಲ್ಲಿ ಅದು ಒಡೆದು ಬೆಳ್ಳಿಯ ಸಲ್ಫೈಡಾಗಿ, ಹಳದಿ ಕಂದು ಕಲೆಗಳಾಗಿ ಕಾಣಿಸಿಕೊಳ್ಳುತ್ತದೆ. ಚಿತ್ರಗಳು ಮಾಸುವುದೇಕೆಂದು ವಿಚಾರಿಸಲು ಲಂಡನ್ನಿನ ಛಾಯಾಗ್ರಾಹಕ ಸಂಘವು ೧೮೫೫ರಲ್ಲಿಯೇ ಒಂದು ಸಮಿತಿಯನ್ನು ನೇಮಿಸಿತು. ಸರಿಯಾಗಿ ತೊಳೆಯದೆ ಕಾಗದದಲ್ಲಿ ಹೈಪೋವನ್ನು ಉಳಿಸುವುದು ಮುಖ್ಯ ಕಾರಣವೆಂದು ಆ ಸಮಿತಿಯು ತಿಳಿಸಿತು. ಸಾಲದ ಹೈಪೋವೂ ಕೆಡಕು, ಉಳಿದ ಹೈಪೋವೂ ಕೆಡಕು ಎಂದಾಯಿತು.

ಹಾಗಾದರೆ ಒಮ್ಮೆ ಬಳಸಿದ ದ್ರಾವಣವನ್ನು ಚೆಲ್ಲಿಬಿಡಬೇಕೆ? ಬೇಕಾಗಿಲ್ಲ. ಡೆವಲಪರಿಗಿಂತ ಇದು ಹೆಚ್ಚು ಬಾಳುವ ವಸ್ತು. ಸೀಸೆಯಲ್ಲಿ ತುಂಬಿಟ್ಟು ಹಲವು ಸುರುಳಿಗಳಿಗೆ ಬಳಸಬಹುದು. ಆದರೆ ಅದರ ಆಯಸ್ಸನ್ನು ಊಹೆಯಿಂದ ನಿರ್ಣಯಿಸಲಾಗದು, ಪರೀಕ್ಷಿಸಿಯೇ ತಿಳಿಯಬೇಕು.

ಪರೀಕ್ಷೆಯು ಅತಿ ಸುಲಭ. ಫಿಲ್ಮಿನ ತುದಿಯಲ್ಲಿ ಕತ್ತರಿಸಿ ಬಿಸುಡುವ ಚೂರನ್ನು ಹೊಸ ದ್ರಾವಣದಲ್ಲಿ ಅದ್ದಿ, ಹಾಲುಬಣ್ಣವು ಪೂರ್ತಿ ಹೋಗಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಸೀಸೆಯ ಮೇಲೆ ಬರೆದಿಡಬೇಕು. ಫಿಲ್ಮನ್ನು ಅದರ ಎರಡರಷ್ಟು ಹೊತ್ತಾದರೂ ದ್ರಾವಣದಲ್ಲಿಡುವುದು ವಾಡಿಕೆ. ತಿಳಿಯಾಗಲು ಒಂದು ನಿಮಿಷವಾದರೆ ಒಟ್ಟು ಎರಡು ನಿಮಿಷ. ಪ್ರತಿಸಲವೂ ಬಳಸುವ ಮೊದಲು ಅದೇ ಜಾತಿಯ ಫಿಲ್ಮಿನ ಚೂರಿನಿಂದ ಹೀಗೆಯೇ ನೋಡುತ್ತಿರಬೇಕು. ಹೊಸತರಲ್ಲಿ ಒಂದು ನಿಮಿಷ ಹಿಡಿದದ್ದು ಎರಡು ನಿಮಿಷಕ್ಕೆ ಬಂದಿತೆಂದರೆ ಆ ದ್ರಾವಣದ ಆಯಸ್ಸು ಮುಗಿಯಿತು. ಇದಲ್ಲದೆ, ಪೊಟ್ಯಾಸಿಯಂ ಅಯೊಡೈಡಿನ ದ್ರಾವಣದ ಕೆಲವು ತೊಟ್ಟುಗಳನ್ನು ಅದಕ್ಕೆ ಬೆರೆಸಿದಾಗ ದಟ್ಟವಾದ ಹಳದಿಯ ಗಸಿ ಕೂಡಲೆ ಕಟ್ಟಿಕೊಂಡರೆ, ಬೆಳ್ಳಿ ಮಿತಿಮೀರಿದೆಯೆಂದು ತಿಳಿಯತಕ್ಕದ್ದು.

ಮಿತವ್ಯಯಕ್ಕೆ ಇನ್ನೊಂದು ಉತ್ತಮ ಮಾರ್ಗವುಂಟು. ಅಡಿಗೆಮನೆಯಲ್ಲಿ ಅಕ್ಕಿಯನ್ನು ಎರಡು ನೀರಿನಲ್ಲಿ ತೊಳೆಯುವುದಿಲ್ಲವೆ? ಮೊದಲ ನೀರು ಕೊಳೆಯ ಬಹುಭಾಗವನ್ನು ಒಯ್ಯುತ್ತದೆ, ಎರಡನೆಯದು ಶುದ್ಧಿಯನ್ನು ಪೂರೈಸುತ್ತದೆ. ಹಾಗೆಯೇ ಎರಡು ಸೀಸೆಗಳಲ್ಲಿ ದ್ರಾವಣವನ್ನಿಟ್ಟು, ಫಿಲ್ಮನ್ನು ಅರ್ಧ ಕಾಲ ಮೊದಲನೆಯದರಲ್ಲಿಯೂ ಉಳಿದರ್ಧ ಎರಡನೆಯದರಲ್ಲಿಯೂ ಇಡಬೇಕು. ಮೊದಲನೆಯದು ದಣಿದಾಗ ಅದನ್ನು ತೆಗೆದು, ಎರಡನೆಯದನ್ನು ಅದರ ಸ್ಥಾನಕ್ಕೆ ತಂದು, ಹೊಸತನ್ನು ಎರಡನೆಯದಾಗಿ ಇಟ್ಟುಕೊಳ್ಳಬೇಕು. ಇದರಿಂದ ಹೈಪೋವಿನ ಶಕ್ತಿಯೆಲ್ಲ ಸಾರ್ಥಕವಾಗುತ್ತದೆ. ಫಿಲ್ಮಿಗೂ ಕೊನೆಯಲ್ಲಿ ಶುದ್ಧ ದ್ರಾವಣವೇ ದೊರೆಯುತ್ತದೆ. ಫಿಲ್ಮಿನಿಂದ ಸೇರುವ ಅಯೊಡೈಡು ದ್ರಾವಣದ ವೇಗವನ್ನು ಕುಗ್ಗಿಸುವುದರಿಂದ, ಫಿಲ್ಮಿಗೆ ಬಳಸಿದ್ದನ್ನು ಕಾಗದದ ಪ್ರತಿಗಳಿಗೆ ಬಳಸಬಾರದು.

ದಣಿದ ದ್ರಾವಣವನ್ನು ಬಾವಿಯ ಬಳಿಯಾಗಲಿ ಕೆರೆ ಕಾಲುವೆಗಳಿಗಾಗಲಿ ಚೆಲ್ಲಕೂಡದು; ಕರಗಿದ ಬೆಳ್ಳಿಯು ನೀರಿನ ಜೀವಿಗಳಿಗೆ ಕೇಡು. ಉಕ್ಕಿನ ನಾರನ್ನು ಅದರಲ್ಲಿ ನೆನೆಯಿಟ್ಟರೆ ಕಬ್ಬಿಣವು ಕರಗಿ ಬೆಳ್ಳಿಯು ಕಪ್ಪು ಕೆಸರಾಗಿ ತಳಕ್ಕಿಳಿಯುತ್ತದೆ. ಬೆಳ್ಳಿಯನ್ನು ತೆಗೆದುಕೊಳ್ಳುವ ಕಾರ್ಖಾನೆಗೆ ಒಪ್ಪಿಸುವುದು ಇನ್ನೂ ಮೇಲು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳುತ್ತಾರೆ. ಒಂದು ಮನೆಯಲ್ಲಿ ಗತಿಸಿದ ತಾಯಿಯ ಚಿತ್ರವು ಒಂದೇ ಒಂದು ಇರಬಹುದು. ಕೆಲವು ಕಾಸಿನ ಹೈಪೋವನ್ನು ಉಳಿಸಹೋಗಿ ಅದು ಮಾಸಿದರೆ, ಮತ್ತೆ ತೆಗೆಯಿಸಲು ಆ ಮುಖವೆಲ್ಲಿ? ಆದುದರಿಂದ ನಾವು ಉಳಿತಾಯವನ್ನು ಬೇಡವೆನ್ನುವುದಿಲ್ಲ. ಲೆಕ್ಕವಿಟ್ಟು ಉಳಿಸಿರಿ ಎನ್ನುತ್ತೇವೆ. ಒಂದೊಂದು ಸುರುಳಿಗೂ ಸೀಸೆಯ ಚೀಟಿಯ ಮೇಲೆ ಒಂದೊಂದು ಗೀಟು ಹಾಕಿರಿ. ತಯಾರಿಸಿದವರು ಹೇಳಿದ ಸಂಖ್ಯೆಯನ್ನು ಮೀರಬೇಡಿರಿ. ಸಂಶಯ ಬಂದ ದಿನ ಹೊಸದನ್ನು ಕಲಸಿರಿ.