ಅಂಡಾಶಯದ ಪಾಠ: ಅಂಡದ ಜೊತೆಗೆ ಫಾಲಿಕಲ್ಲನ್ನೂ ಕಲಿಸೋಣ

ಹತ್ತನೇ ತರಗತಿಯ ಸಂತಾನೋತ್ಪತ್ತಿ ಪಾಠದಲ್ಲಿ ಅಂಡಾಶಯಕ್ಕೆ ಸಿಗುವುದು ಕೆಲವೇ ಸಾಲು. ಅದು ಅಂಡವನ್ನು ಬಿಡುಗಡೆ ಮಾಡುತ್ತದೆ, ಹಾರ್ಮೋನುಗಳನ್ನು ಸ್ರವಿಸುತ್ತದೆ ಎಂದು ಹೇಳಿ, ಚಿತ್ರ ಬರೆಸಿ, ಭಾಗಗಳನ್ನು ಗುರುತಿಸಿದರೆ ಪಾಠ ಮುಗಿಯುತ್ತದೆ. ಆದರೆ ಎದುರಿಗೆ ಕುಳಿತ ಹೆಣ್ಣುಮಕ್ಕಳಲ್ಲಿ ಬಹುತೇಕರಿಗೆ ಆಗಲೇ ಮುಟ್ಟು ಶುರುವಾಗಿರುತ್ತದೆ. 28 ದಿನದ ಚಕ್ರ, 14ನೇ ದಿನ ಅಂಡ ಬಿಡುಗಡೆ ಎಂಬ ಅಂಕಿಗಳನ್ನು ಅವರು ಪರೀಕ್ಷೆಗೆಂದು ಮಾತ್ರ ಕೇಳಿಸಿಕೊಳ್ಳುವುದಿಲ್ಲ, ತಮ್ಮ ದೇಹದ ಜೊತೆ ಹೋಲಿಸಿ ನೋಡುತ್ತಾರೆ. ಲೆಕ್ಕ ಹೊಂದದಿದ್ದರೆ ತಮಗೇನೋ ಕಾಯಿಲೆ ಇದೆಯೆಂದು ಯಾರಿಗೂ ಹೇಳದೆ ಹೆದರುತ್ತಾರೆ. ಈ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ಅಂಡಾಶಯದ ರಚನೆಯಿಂದಲೇ ವಿವರಿಸಬಹುದು.

ಸ್ಥಾನ ಮತ್ತು ರಚನೆ

ಕಿಬ್ಬೊಟ್ಟೆಯೊಳಗೆ ಗರ್ಭಕೋಶದ ಎಡಕ್ಕೊಂದು, ಬಲಕ್ಕೊಂದು ಅಂಡಾಶಯವಿದೆ. ಆಕಾರ ಬಾದಾಮಿಯಂತೆ, ಉದ್ದ ಸುಮಾರು 3 ಸೆಂ.ಮೀ. ಬಂಧಕಗಳು ಅದನ್ನು ಗರ್ಭಕೋಶಕ್ಕೂ ಕಿಬ್ಬೊಟ್ಟೆಯ ಒಳಗೋಡೆಗೂ ಕಟ್ಟಿ ಹಿಡಿದಿರುತ್ತವೆ. ಕಪ್ಪುಹಲಗೆಯ ಚಿತ್ರದಲ್ಲಿ ನಾವು ಅಂಡನಾಳವನ್ನು ಅಂಡಾಶಯಕ್ಕೆ ಕೊಳವೆಯಂತೆ ಜೋಡಿಸಿಬಿಡುತ್ತೇವೆ. ನಿಜದಲ್ಲಿ ಹಾಗೆ ಜೋಡಣೆಯಾಗಿರುವುದಿಲ್ಲ. ಅಂಡನಾಳದ ತುದಿಯಲ್ಲಿರುವ ಬೆರಳಿನಂಥ ಕುಚ್ಚುಗಳು ಅಂಡಾಶಯದ ಮೇಲೆ ಬಾಗಿ, ಹೊರಬಂದ ಅಂಡವನ್ನು ಒಳಗೆ ಸೆಳೆದುಕೊಳ್ಳುತ್ತವೆ.

ಅಂಡಾಶಯವನ್ನು ಅಡ್ಡ ಸೀಳಿದರೆ ಎರಡು ವಲಯಗಳು ಕಾಣುತ್ತವೆ. ಒಳಗಿನ ಮೆಡುಲ್ಲಾದಲ್ಲಿ ರಕ್ತನಾಳಗಳೂ ನರಗಳೂ ಇವೆ. ಹೊರಗಿನ ಕಾರ್ಟೆಕ್ಸ್‌ನಲ್ಲಿ ಬೇರೆ ಬೇರೆ ಹಂತದ ಫಾಲಿಕಲ್‌ಗಳಿವೆ. ಫಾಲಿಕಲ್ ಎಂದರೆ ಒಂದು ಅಪಕ್ವ ಅಂಡ ಮತ್ತು ಅದನ್ನು ಸುತ್ತುವರಿದು ಪೋಷಿಸುವ ಜೀವಕೋಶಗಳು.

ಹುಟ್ಟುವಾಗಲೇ ಬಂದ ಸಂಗ್ರಹ

ವೃಷಣಗಳು ಪ್ರೌಢಾವಸ್ಥೆಯಿಂದ ಹೊಸ ವೀರ್ಯಾಣುಗಳನ್ನು ತಯಾರಿಸುತ್ತಲೇ ಇರುತ್ತವೆ. ಅಂಡಾಶಯದ ಕ್ರಮ ಬೇರೆ. ಹೆಣ್ಣು ಶಿಶು ಹುಟ್ಟುವಾಗಲೇ ಅದರಲ್ಲಿ ಸುಮಾರು 10ರಿಂದ 20 ಲಕ್ಷ ಅಪಕ್ವ ಅಂಡಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು 3ರಿಂದ 4 ಲಕ್ಷ. ಇವುಗಳಲ್ಲಿ ಪಕ್ವವಾಗಿ ಹೊರಬರುವುದು ಜೀವಮಾನದಲ್ಲಿ ಸುಮಾರು 400 ಮಾತ್ರ. ಉಳಿದವು ಅಂಡಾಶಯದಲ್ಲೇ ಕ್ಷಯಿಸುತ್ತವೆ. ಸಂಗ್ರಹ ಮುಗಿಯುತ್ತ ಬಂದಂತೆ, ಸಾಮಾನ್ಯವಾಗಿ 45ರಿಂದ 55ರ ವಯಸ್ಸಿನೊಳಗೆ ಮುಟ್ಟು ನಿಲ್ಲುತ್ತದೆ.

ಫಾಲಿಕಲ್ ಮಾಡುವ ಕೆಲಸ

1672ರಲ್ಲಿ ಡಚ್ ವೈದ್ಯ ರೇನಿಯರ್ ಡಿ ಗ್ರಾಫ್ ಅಂಡಾಶಯದ ಮೇಲಿನ ಗುಳ್ಳೆಗಳನ್ನು ವಿವರಿಸಿದರು. ಬಲಿತ ಫಾಲಿಕಲ್ಲಿಗೆ ಗ್ರಾಫಿಯನ್ ಫಾಲಿಕಲ್ ಎಂಬ ಹೆಸರು ಬಂದದ್ದು ಅವರಿಂದಲೇ. ಆಗ ಇಡೀ ಗುಳ್ಳೆಯನ್ನೇ ಅಂಡವೆಂದು ಬಗೆದಿದ್ದರು. ಗುಳ್ಳೆಯೊಳಗಿನ ನಿಜವಾದ ಅಂಡವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಗುರುತಿಸಿದ್ದು 1827ರಲ್ಲಿ. ಗಾತ್ರದ ವ್ಯತ್ಯಾಸ ಮಕ್ಕಳಿಗೆ ಸುಲಭವಾಗಿ ತಿಳಿಯಬೇಕಾದರೆ ಒಂದು ಗೋಲಿ ತೋರಿಸಿ: ಬಲಿತ ಫಾಲಿಕಲ್ ಸುಮಾರು 2 ಸೆಂ.ಮೀ., ಹೆಚ್ಚುಕಡಿಮೆ ಗೋಲಿಯಷ್ಟು. ಅದರೊಳಗಿನ ಅಂಡ 0.1 ಮಿ.ಮೀ., ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪದಷ್ಟು.

ಪಿಟ್ಯುಟರಿ ಗ್ರಂಥಿಯ ಎಫ್‌ಎಸ್‌ಎಚ್ ಹಾರ್ಮೋನಿನಿಂದ ಪ್ರತಿ ಚಕ್ರದಲ್ಲಿ ಕೆಲವು ಫಾಲಿಕಲ್‌ಗಳು ಬೆಳೆಯತೊಡಗುತ್ತವೆ. ಸಾಮಾನ್ಯವಾಗಿ ಒಂದು ಮಾತ್ರ ಪೂರ್ತಿ ಬಲಿಯುತ್ತದೆ. ಬೆಳೆಯುವ ಫಾಲಿಕಲ್ ಈಸ್ಟ್ರೋಜನ್ ಸ್ರವಿಸುತ್ತದೆ, ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಈಸ್ಟ್ರೋಜನ್ ಸಾಕಷ್ಟು ಏರಿದಾಗ ಪಿಟ್ಯುಟರಿಯಿಂದ ಎಲ್‌ಎಚ್ ಒಮ್ಮೆಲೇ ಹೆಚ್ಚಾಗಿ, ಫಾಲಿಕಲ್ ಒಡೆದು ಅಂಡ ಹೊರಬರುತ್ತದೆ.

ಅಂಡ ಹೋದರೂ ಫಾಲಿಕಲ್ಲಿನ ಕೆಲಸ ಮುಗಿಯುವುದಿಲ್ಲ. ಒಡೆದ ಫಾಲಿಕಲ್ಲೇ ಹಳದಿ ಬಣ್ಣದ ಕಾರ್ಪಸ್ ಲೂಟಿಯಂ ಆಗಿ ಪ್ರೊಜೆಸ್ಟಿರಾನ್ ಸ್ರವಿಸುತ್ತದೆ, ಗರ್ಭಕೋಶದ ಒಳಪದರವನ್ನು ಕಾಯುತ್ತದೆ. ಗರ್ಭ ನಿಲ್ಲದಿದ್ದರೆ ಇದು ಸುಮಾರು 14 ದಿನದಲ್ಲಿ ಬಾಡುತ್ತದೆ. ಪ್ರೊಜೆಸ್ಟಿರಾನ್ ಇಳಿಯುತ್ತದೆ, ಒಳಪದರ ಕಳಚಿ ರಕ್ತದೊಂದಿಗೆ ಹೊರಹೋಗುತ್ತದೆ. ಅದೇ ಮುಟ್ಟು. ಶಿಶುವಿಗೆಂದು ಸಿದ್ಧವಾಗಿದ್ದ ಪದರ ಅದು. ‘ಕೆಟ್ಟ ರಕ್ತ’ ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

14ನೇ ದಿನದ ಲೆಕ್ಕ

ಚಕ್ರದ ಎರಡನೆಯ ಭಾಗ ಕಾರ್ಪಸ್ ಲೂಟಿಯಮ್ಮಿನ ಆಯುಸ್ಸು. ಅದು ಹೆಚ್ಚು ಬದಲಾಗುವುದಿಲ್ಲ. ಮೊದಲನೆಯ ಭಾಗ ಫಾಲಿಕಲ್ ಬಲಿಯುವ ಕಾಲ. ಅದು ಒಬ್ಬೊಬ್ಬರಿಗೆ ಒಂದೊಂದು ರೀತಿ, ಒಬ್ಬರಲ್ಲೇ ತಿಂಗಳಿಂದ ತಿಂಗಳಿಗೂ ಬೇರೆ. ಆದ್ದರಿಂದ 14 ದಿನವನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. 28 ದಿನದ ಚಕ್ರದಲ್ಲಿ ಅಂಡ ಬಿಡುಗಡೆ ಸುಮಾರು 14ನೇ ದಿನ, 35 ದಿನದ ಚಕ್ರದಲ್ಲಿ ಸುಮಾರು 21ನೇ ದಿನ. ಎರಡೂ ಸಹಜವೇ.

ಮೈನೆರೆದ ಮೊದಲ ಒಂದೆರಡು ವರ್ಷ ಮೆದುಳು, ಪಿಟ್ಯುಟರಿ, ಅಂಡಾಶಯಗಳ ಹೊಂದಾಣಿಕೆ ಇನ್ನೂ ಪಕ್ವವಾಗಿರುವುದಿಲ್ಲ. ಹಲವು ಚಕ್ರಗಳಲ್ಲಿ ಅಂಡವೇ ಬಿಡುಗಡೆಯಾಗುವುದಿಲ್ಲ. ಅಂಡ ಬಿಡುಗಡೆ ಇಲ್ಲವೆಂದರೆ ಕಾರ್ಪಸ್ ಲೂಟಿಯಮ್ಮೂ ಇಲ್ಲ, ದಿನಗಳ ಲೆಕ್ಕವೂ ಇಲ್ಲ. ಈ ವಯಸ್ಸಿನಲ್ಲಿ 21ರಿಂದ 45 ದಿನದವರೆಗಿನ ಅಂತರ ಸಾಮಾನ್ಯ. ಆದರೆ ಮೂರು ತಿಂಗಳಾದರೂ ಮುಟ್ಟು ಬಾರದಿದ್ದರೆ, 7 ದಿನಕ್ಕಿಂತ ಹೆಚ್ಚು ರಕ್ತ ಹೋದರೆ, 15 ತುಂಬಿದರೂ ಮುಟ್ಟು ಶುರುವಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಇದನ್ನೂ ಪಾಠದಲ್ಲೇ ಹೇಳಿಬಿಡಬೇಕು.

ತರಗತಿಯಲ್ಲಿ

ಬೋಧನೋಪಕರಣ ಸರಳ. 24, 28, 32, 35 ಚೌಕಗಳಿರುವ ನಾಲ್ಕು ಕಾಗದದ ಪಟ್ಟಿ ಕತ್ತರಿಸಿ ಗುಂಪುಗಳಿಗೆ ಕೊಡಿ. ಪ್ರತಿ ಪಟ್ಟಿಯ ಕೊನೆಯ 14 ಚೌಕಗಳನ್ನು ಹಿಂದಕ್ಕೆ ಮಡಿಸಲಿ. ಉಳಿದ ಭಾಗ ಫಾಲಿಕಲ್ ಬಲಿಯುವ ಕಾಲ. ಅದು ಪಟ್ಟಿಯಿಂದ ಪಟ್ಟಿಗೆ ಬದಲಾಗುವುದನ್ನು ಹುಡುಗರೂ ಹುಡುಗಿಯರೂ ಕಣ್ಣಾರೆ ನೋಡುತ್ತಾರೆ. ಯಾರ ಸ್ವಂತ ದಿನಗಳನ್ನೂ ಕೇಳುವ ಅಗತ್ಯ ಬೀಳುವುದಿಲ್ಲ. ಸಂಕೋಚದ ಪ್ರಶ್ನೆಗಳಿಗೆ ಹೆಸರು ಬರೆಯದ ಚೀಟಿಗಳ ಪೆಟ್ಟಿಗೆ ಇಡಬಹುದು.

ಮೌಲ್ಯಮಾಪನಕ್ಕೆ ‘ಅಂಡಾಶಯದ ಕಾರ್ಯಗಳನ್ನು ಬರೆಯಿರಿ’ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸೋಣ: ‘30 ದಿನದ ಚಕ್ರದಲ್ಲಿ ಅಂಡ ಬಿಡುಗಡೆ ಸುಮಾರು ಎಷ್ಟನೇ ದಿನ? ಏಕೆ?’ 16 ಎಂಬ ಉತ್ತರಕ್ಕೆ ಒಂದು ಅಂಕ ಸಾಕು. ‘ಏಕೆ’ಗೆ ಬರೆದ ಉತ್ತರ ಓದಿದರೆ ಪಾಠ ಎಷ್ಟು ತಲುಪಿದೆ ಎಂಬುದು ತಿಳಿಯುತ್ತದೆ.